ಪ್ರೊಮಿಥಿಯಸ್ ಮನುಷ್ಯರನ್ನು ಮಾಡಿದನೋ, ಬೆಂಕಿ ಮಾತ್ರ ತಂದನೋ?

ಗ್ರೀಕ್ ಪುರಾಣದ ಪ್ರೊಮಿಥಿಯಸ್ ಬಗ್ಗೆ ಟಿಪ್ಪಣಿ ಬರೆಯಲು ಹೊರಟರೆ ಈ ಪ್ರಶ್ನೆ ಎದುರಾಗುತ್ತದೆ. ಒಂದು ಕಡೆ ಅವನೇ ಮಣ್ಣಿನಿಂದ ಮನುಷ್ಯರನ್ನು ಮಾಡಿದ, ಇನ್ನೊಂದು ಕಡೆ ಆಗಲೇ ಇದ್ದವರಿಗೆ ಬೆಂಕಿ ತಂದುಕೊಟ್ಟ ಎಂಬ ಗೊಂದಲಕ್ಕೆ ಕಾರಣ, ಬೇರೆ ಬೇರೆ ಶತಮಾನಗಳ ಕಥೆಗಳನ್ನು ಬೆರೆಸಿದ ಮಕ್ಕಳ ಆವೃತ್ತಿ ಇರಬೇಕು.

ಮೊದಲು ಪ್ರಾಚೀನ ಗ್ರೀಕ್ ಕವಿ ಹೆಸಿಯಡ್‌ನ 'ಥಿಯೋಗನಿ'ಯ 507–616ನೇ ಸಾಲುಗಳನ್ನು ಓದಿ. ಅಲ್ಲಿ ಮನುಷ್ಯರು ಮೊದಲೇ ಇದ್ದಾರೆ. ಮೆಕೋನೆ ಎಂಬಲ್ಲಿ ಮಾಂಸದ ಪಾಲು ಹಂಚುವಾಗ ಪ್ರೊಮಿಥಿಯಸ್ ಎಲುಬಿಗೆ ಕೊಬ್ಬು ಹೊದಿಸಿ, ಮೋಸದಿಂದ ದೇವರಾಜ ಜೀಯಸ್‌ನ ಮುಂದಿಡುತ್ತಾನೆ. ಸಿಟ್ಟಾದ ಜೀಯಸ್ ಮನುಷ್ಯರಿಗೆ ಬೆಂಕಿ ಕೊಡುವುದಿಲ್ಲ. ಪ್ರೊಮಿಥಿಯಸ್ ಅದನ್ನು ಟೊಳ್ಳು ಕಾಂಡದಲ್ಲಿ ಕದ್ದು ತರುತ್ತಾನೆ. ಈ ಕಾಂಡ ಸುಮ್ಮನೆ ಬಂದ ವಿವರವಲ್ಲ. ಅದು ಸೋಂಪಿನ ಬಳಗದ ಎತ್ತರದ ಗಿಡದ್ದು. ಒಳಗಿನ ಒಣ ತಿರುಳು ನಿಧಾನವಾಗಿ ಕನಲುತ್ತದೆ, ಹೊರಸಿಪ್ಪೆ ಸುಡುವುದಿಲ್ಲ. ಕೆಂಡ ಸಾಗಿಸಲು ಜನ ನಿಜಕ್ಕೂ ಬಳಸುತ್ತಿದ್ದ ಉಪಾಯ. ಮಣ್ಣಿನಿಂದ ಕಮ್ಮಾರ ದೇವತೆ ಹೆಫೆಸ್ಟಸ್ ಮಾಡುವುದು ಮೊದಲ ಹೆಣ್ಣನ್ನು ಮಾತ್ರ.

ಆಮೇಲೆ ಹೆಸಿಯಡ್‌ನದೇ 'ವರ್ಕ್ಸ್ ಅಂಡ್ ಡೇಸ್'ನ 42–201ನೇ ಸಾಲುಗಳು. ಆ ಮೊದಲ ಹೆಣ್ಣಾದ ಪಂಡೋರಳು ತೆರೆದು ಕೇಡುಗಳನ್ನು ಹೊರಬಿಟ್ಟ ಜಾಡಿ (ಪೆಟ್ಟಿಗೆಯಲ್ಲ, ಅದು 16ನೇ ಶತಮಾನದ ಅನುವಾದದ ತಪ್ಪು) ಮತ್ತು ಮನುಷ್ಯರ ಐದು ಪೀಳಿಗೆಗಳು ಅಲ್ಲಿವೆ. ಇವೆರಡನ್ನು ಒಂದೇ ಕಾಲಕ್ರಮಕ್ಕೆ ಜೋಡಿಸಬೇಡಿ, ಕೂಡುವುದಿಲ್ಲ.

ಪ್ಲೇಟೋನ 'ಪ್ರೊಟಾಗೊರಸ್'ನಲ್ಲಿ ಜೀವಿಗಳನ್ನು ರೂಪಿಸುವವರು ದೇವತೆಗಳು. ಮಣ್ಣು–ನೀರು ಕಲಸಿ ಮನುಷ್ಯರನ್ನು ಮಾಡಿದ ಪ್ರೊಮಿಥಿಯಸ್ ಸ್ಪಷ್ಟವಾಗಿ ಸಿಗುವುದು ಅಪೊಲೊಡೋರಸ್ ಹೆಸರಿನ ಪುರಾಣಕಥೆಗಳ ಸಂಗ್ರಹದಲ್ಲಿ (ಪುಸ್ತಕ 1, ಅಧ್ಯಾಯ 7, ಭಾಗ 1). ರೋಮನ್ ಕವಿ ಓವಿಡ್ ಅದನ್ನು ಎರಡು ಸಾಧ್ಯತೆಗಳಲ್ಲಿ ಒಂದಾಗಿ ಮಾತ್ರ ಹೇಳುತ್ತಾನೆ. ಈ ಕಥೆ ಎಷ್ಟು ಹಳೆಯದೆಂಬುದು ಖಚಿತವಿಲ್ಲ.

ನಿಮ್ಮ ಟಿಪ್ಪಣಿಯಲ್ಲಿ ಪ್ರತಿ ಘಟನೆಯ ಪಕ್ಕದಲ್ಲೇ ಕೃತಿಯ ಹೆಸರು, ಸಾಲಿನ ಸಂಖ್ಯೆ ಬರೆಯಿರಿ.