ಮುಂಗಾರಿನ ಹದಕ್ಕೆ ಮುಂಚೆ ಯಾವ ಸಲಕರಣೆಯನ್ನು ಮೊದಲು ದುರಸ್ತಿ ಮಾಡಿಸಬೇಕು?

ನೀವು ಬೆಂಗಳೂರಿನ ಕೆಲಸ ಬಿಟ್ಟು ಊರಿಗೆ ಮರಳಿದ್ದೀರಿ. ತಂದೆಯವರ ಆರೋಗ್ಯ ಸರಿಯಿಲ್ಲದ ಕಾರಣ 9 ಎಕರೆ ಮಳೆಯಾಶ್ರಿತ ಹೊಲದ ಹೊಣೆ ನಿಮ್ಮ ಮೇಲೆ ಬಂದಿದೆ. ಟ್ರ್ಯಾಕ್ಟರು, ಕಲ್ಟಿವೇಟರು, ರೋಟವೇಟರು, ಬೀಜ ಗೊಬ್ಬರ ಬಿತ್ತುವ ಟ್ರ್ಯಾಕ್ಟರ್ ಕೂರಿಗೆ, ಔಷಧಿ ಹೊಡೆಯುವ ಪಂಪು ಎಲ್ಲವೂ ಎರಡು ವರ್ಷದಿಂದ ಶೆಡ್ಡಿನಲ್ಲೇ ನಿಂತಿವೆ. ಕೈಯಲ್ಲಿರುವ ಅಲ್ಪ ಹಣದಲ್ಲಿ ಮೊದಲು ಯಾವುದನ್ನು ದುರಸ್ತಿ ಮಾಡಿಸಬೇಕು, ಏನನ್ನು ಬಿತ್ತಬೇಕು ಎಂದು ಕೇಳಿದ್ದೀರಿ. ನಮ್ಮದು ಹಾವೇರಿ ಜಿಲ್ಲೆ, ರಾಣೆಬೆನ್ನೂರು ಕಡೆಯ ಹಳ್ಳಿ. ನಮಗಿರುವುದು ಎರೆ (ಕಪ್ಪು ಮಣ್ಣು) ಏಳು ಎಕರೆ, ಮಸಾರಿ (ಕೆಂಪು ಮಣ್ಣು) ನಾಲ್ಕು ಎಕರೆ. ನಿಮ್ಮ ಸ್ಥಿತಿ ನಮ್ಮ ಮನೆಯಲ್ಲಿಯೂ ಒಮ್ಮೆ ಬಂದಿತ್ತಾದ್ದರಿಂದ ಉತ್ತರಿಸುತ್ತಿದ್ದೇನೆ.

ಹೆಚ್ಚಿನವರು ಟ್ರ್ಯಾಕ್ಟರಿನಿಂದ ಆರಂಭಿಸುತ್ತಾರೆ, ಏಕೆಂದರೆ ಅದು ಕಣ್ಣಿಗೆ ದೊಡ್ಡದಾಗಿ ಕಾಣುತ್ತದೆ. ನೀವು ಕೂರಿಗೆಯಿಂದ ಆರಂಭಿಸಿ. ಒಂದು ಸಲಕರಣೆ ಬಿತ್ತನೆಯ ದಿನ ಕೈಕೊಟ್ಟರೆ ಅದನ್ನು ಬಾಡಿಗೆಗೆ ತರಬಹುದೇ, ತರಲಾಗದೇ ಎಂಬ ಪ್ರಶ್ನೆಯನ್ನು ಕೇಳಿಕೊಂಡರೆ ದುರಸ್ತಿಯ ಸರದಿ ತಾನಾಗಿಯೇ ಗೊತ್ತಾಗುತ್ತದೆ. ಬರಿಯ ಟ್ರ್ಯಾಕ್ಟರು ಊರಿನಲ್ಲಿ ಹತ್ತು ಜನರ ಬಳಿ ಇರುತ್ತದೆ, ಗಂಟೆಯ ಲೆಕ್ಕದಲ್ಲಿ ಸಿಗುತ್ತದೆ. ಕೂರಿಗೆಗಳು ಮಾತ್ರ ಎಣಿಸಿದಷ್ಟೇ, ಮತ್ತು ಅವೆಲ್ಲವೂ ಒಂದೇ ದಿನ ಅವರವರ ಹೊಲದಲ್ಲಿರುತ್ತವೆ. ಹೋಬಳಿಯ ಕೃಷಿ ಯಂತ್ರಧಾರೆ ಕೇಂದ್ರದಲ್ಲಿ ಬಾಡಿಗೆಗೆ ಸಿಗುತ್ತದಲ್ಲ ಎಂದು ಯಾರಾದರೂ ಹೇಳಿದರೆ, ಉಳುಮೆಗೆ ಅದನ್ನು ಖಂಡಿತವಾಗಿ ನಂಬಿ. ಹದ (ಬಿತ್ತಲು ತಕ್ಕ ಹಸಿ) ಬಂದ ಮರುದಿನ ಬಿತ್ತನೆಗೆ ನಂಬಬೇಡಿ, ಏಕೆಂದರೆ ಆ ಹೊತ್ತಿಗೆ ಇಡೀ ಹೋಬಳಿ ಅಲ್ಲಿ ಸಾಲು ನಿಂತಿರುತ್ತದೆ.

ಹದದ ಲೆಕ್ಕವನ್ನೂ ಹೇಳಿಬಿಡುತ್ತೇನೆ. ಅಶ್ವಿನಿ ಮಳೆ ಏಪ್ರಿಲ್ ನಡುವೆ ಹುಟ್ಟುತ್ತದೆ, ಭರಣಿ ಏಪ್ರಿಲ್ ಕೊನೆಯ ವಾರದಲ್ಲಿ, ಕೃತ್ತಿಕಾ ಮೇ 11ರ ಸುಮಾರಿಗೆ, ರೋಹಿಣಿ ಮೇ 25ರ ಸುಮಾರಿಗೆ, ಮೃಗಶಿರಾ ಜೂನ್ 8ರ ಆಸುಪಾಸಿನಲ್ಲಿ. ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ ಎಂಬ ಗಾದೆಯನ್ನು ನೀವು ಕೇಳಿರುತ್ತೀರಿ. ಅದಕ್ಕೆ ಕಾರಣವಿದೆ: ಆ ಮಳೆ ಸಿಕ್ಕಿದರೆ ಒಂದು ಸಲ ಹರಗಿ, ಮೊದಲ ಕಳೆ ಹುಟ್ಟಿಸಿ ಕೊಂದು, ರೋಹಿಣಿಯ ಹೊತ್ತಿಗೆ ಹೊಲವನ್ನು ಸಜ್ಜಾಗಿಡಬಹುದು. ಬಿತ್ತುವ ಮಳೆ ಎಂದರೆ ಮಣ್ಣನ್ನು ಒಂದು ಗೇಣಿನಷ್ಟಾದರೂ ನೆನೆಸಿದ ಮಳೆ. ಅಂಥ ಮಳೆ ನಿಂತ ಮೇಲೆ ಮಸಾರಿಯಲ್ಲಿ ಮರುದಿನವೇ ಇಳಿಯಬಹುದು, ಆದರೆ ಬಿಸಿಲು ಬಿದ್ದರೆ ಮೂರನೆಯ ದಿನಕ್ಕೆ ಮೇಲುಮಣ್ಣು ಒಣಗಿರುತ್ತದೆ. ಎರೆಯಲ್ಲಿ ಎರಡು ಮೂರು ದಿನ ಕಾಲಿಡಲಾಗುವುದಿಲ್ಲ, ಆಮೇಲೆ ಮೂರು ನಾಲ್ಕು ದಿನ ಮಾತ್ರ ಹದ ನಿಲ್ಲುತ್ತದೆ. ವರ್ಷದ ಬೆಳೆ ಈ ನಾಲ್ಕು ದಿನಗಳ ಮೇಲೆ ನಿಂತಿರುವಾಗ, ದುರಸ್ತಿಯ ಗಡುವನ್ನು ಮೃಗಶಿರಾಕ್ಕೆ ಇಡದೆ ಭರಣಿಗೇ ಇಟ್ಟುಕೊಳ್ಳಬೇಕು. ಯುಗಾದಿ ಮುಗಿದ ವಾರದಲ್ಲಿ ಕಮ್ಮಾರರ ಸಾಲೆಗೂ ವೆಲ್ಡಿಂಗ್ ಅಂಗಡಿಗೂ ಹೋದರೆ ನಿಮ್ಮ ಕೆಲಸವನ್ನು ಕೂತು ಮಾಡಿಕೊಡುತ್ತಾರೆ. ಮೊದಲ ಮಳೆಯ ಮರುದಿನ ಹೋದರೆ ನಿಮ್ಮ ಮುಂದೆ ಹನ್ನೆರಡು ಜನರಿರುತ್ತಾರೆ.

ಇದನ್ನು ನಾನು ಪೆಟ್ಟು ತಿಂದು ಕಲಿತಿದ್ದೇನೆ. ಏಳೆಂಟು ವರ್ಷಗಳ ಹಿಂದೆ ಟ್ರ್ಯಾಕ್ಟರಿನ ಕ್ಲಚ್ ಪ್ಲೇಟಿಗೆ, ಟೈರಿಗೆ ಇದ್ದ ಹಣವನ್ನೆಲ್ಲ ಸುರಿದು, ಕೂರಿಗೆಯನ್ನು ಹೊರಗಿನಿಂದ ನೋಡಿ ಚೆನ್ನಾಗಿದೆ ಎಂದುಕೊಂಡಿದ್ದೆ. ರೋಹಿಣಿ ಮಳೆ ರಾತ್ರಿಯಿಡೀ ಸುರಿಯಿತು. ಮಸಾರಿ ಹೊಲಕ್ಕೆ ಕೂರಿಗೆ ಎಳೆದುಕೊಂಡು ಹೋಗಿ ಗೊಬ್ಬರದ ಪೆಟ್ಟಿಗೆ ತೆರೆದರೆ, ಹಿಂದಿನ ವರ್ಷ ಉಳಿದಿದ್ದ ಒಂದು ಬೊಗಸೆ ಡಿಎಪಿ ಗೊಬ್ಬರ ತಂಪಿಗೆ ಕರಗಿ ಮತ್ತೆ ಗಟ್ಟಿಯಾಗಿ, ಒಳಗಿನ ದಂಡವನ್ನು ತುಕ್ಕಿನಲ್ಲಿ ಕಚ್ಚಿ ಹಿಡಿದಿತ್ತು. ಸುತ್ತಿಗೆಯಿಂದ ಬಿಡಿಸಹೋಗಿ ಪೆಟ್ಟಿಗೆಯ ತಳವೇ ತೂತಾಯಿತು. ಅದು ಸರಿಯಾಗಿ ಬರುವಷ್ಟರಲ್ಲಿ ನಾಲ್ಕು ದಿನ ಕಳೆದಿದ್ದವು. ಆ ವರ್ಷ ಆ ನಾಲ್ಕೆಕರೆಗೆ ಗೋವಿನಜೋಳ (ಮೆಕ್ಕೆಜೋಳ) ಬಿದ್ದದ್ದು ಮೃಗಶಿರಾವೂ ಕಳೆದ ಮೇಲಿನ ಆರಿದ್ರಾ ಮಳೆಯಲ್ಲಿ.

ಆದ್ದರಿಂದ ನೀವು ಮೊದಲು ಪೆಟ್ಟಿಗೆಗಳನ್ನು ಪೂರ್ತಿ ಬಿಚ್ಚಿ, ನೀರಿನಲ್ಲಿ ತೊಳೆದು, ಬಿಸಿಲಲ್ಲಿ ಒಣಗಿಸಿ, ಲೋಹದ ಭಾಗಗಳಿಗೆ ಹಳೆಯ ಎಂಜಿನ್ ಎಣ್ಣೆಯನ್ನು ಸವರಿ. ಬೀಜವನ್ನು ಅಳೆದು ಬಿಡುವ ಗೀರುಳ್ಳ ಉರುಳೆಗಳಲ್ಲಿ ಹಲ್ಲು ಮುರಿದವು ಇವೆಯೇ ನೋಡಿ. ಒಂದು ಮುರಿದಿದ್ದರೂ ಆ ಸಾಲು ಬೇರೆ ಸಾಲಿಗಿಂತ ತೆಳುವಾಗಿಯೋ ದಟ್ಟವಾಗಿಯೋ ಹುಟ್ಟುತ್ತದೆ, ಮತ್ತು ಅದು ನಿಮಗೆ ತಿಳಿಯುವುದು ಎಂಟು ದಿನಗಳ ನಂತರ. ಬೀಜ ಇಳಿಯುವ ಪ್ಲಾಸ್ಟಿಕ್ ಕೊಳವೆಗಳನ್ನು ಇಲಿ ಕಡಿದಿರುತ್ತದೆ, ಇಲ್ಲವೆ ಕಣಜದ ಹುಳು ಒಳಗೆ ಮಣ್ಣಿನ ಗೂಡು ಕಟ್ಟಿರುತ್ತದೆ. ಎರಡು ವರ್ಷ ನಿಂತದ್ದೆಂದರೆ ಎರಡೂ ಆಗಿರುವ ಸಂಭವವೇ ಹೆಚ್ಚು. ಹೊಸ ಕೊಳವೆಗಳ ಬೆಲೆ ಅತ್ಯಲ್ಪ, ಎಲ್ಲವನ್ನೂ ಬದಲಿಸಿಬಿಡಿ. ಚೈನು ಸಡಿಲವಾಗಿದ್ದರೆ ಬಿಗಿ ಮಾಡಿ, ನೆಲ ಮುಟ್ಟುವ ಗಾಲಿಯ ಬುಷ್ ಸವೆದಿದ್ದರೆ ಹಾಕಿಸಿ. ಮಣ್ಣಿಗಿಳಿಯುವ ತಾಳುಗಳ (ಕಾಲುಗಳ) ತುದಿಯ ಕುಳಗಳು ಎಲ್ಲವೂ ಒಂದೇ ಉದ್ದ ಇರಬೇಕು: ಸಮತಟ್ಟಾದ ಕಣದ ಮೇಲೆ ಕೂರಿಗೆಯನ್ನು ಇಳಿಸಿದರೆ ಯಾವುದು ನೆಲ ಮುಟ್ಟಿಲ್ಲ ಎಂಬುದು ಕೂಡಲೇ ಕಾಣುತ್ತದೆ. ಸವೆದ ಕುಳವನ್ನು ಕಮ್ಮಾರರಲ್ಲಿ ತಟ್ಟಿಸಿ, ಇಲ್ಲವೆ ತುದಿಗೆ ಗಟ್ಟಿ ಉಕ್ಕು ಬೆಸೆಸಿ. (ನಮ್ಮೂರಿನಲ್ಲಿ ಕಮ್ಮಾರರ ಕೆಲಸಕ್ಕೆ ಸುಗ್ಗಿಯಲ್ಲಿ ಕಾಳಿನ ಆಯ ಕೊಡುವ ಪದ್ಧತಿ ಹೆಚ್ಚುಕಡಿಮೆ ನಿಂತುಹೋಗಿದೆ, ಆದರೂ ಹಿಂದಿನ ನೆಂಟಸ್ತಿಕೆ ಉಳಿಸಿಕೊಂಡವರ ಕುಳಗಳು ಇಂದಿಗೂ ಮೊದಲು ಕುಲುಮೆಗೆ ಬೀಳುತ್ತವೆ. ನಿಮ್ಮ ತಂದೆಯವರ ಹೆಸರು ಹೇಳಿ ಹೋಗಿ.)

ದುರಸ್ತಿಯಾದ ಕೂರಿಗೆಯನ್ನು ಹೊಲಕ್ಕೆ ಒಯ್ಯುವ ಮೊದಲು ಮನೆಯ ಅಂಗಳದಲ್ಲೇ ಬಿತ್ತಿ ನೋಡಬೇಕು. ಇದನ್ನು ನಮ್ಮ ಕಡೆ ನೂರಕ್ಕೆ ಹತ್ತು ಜನರೂ ಮಾಡುವುದಿಲ್ಲ ಎಂಬುದು ನನ್ನ ಅಂದಾಜು, ಆದರೆ ಇಡೀ ಕೆಲಸದಲ್ಲಿ ಖರ್ಚಿಲ್ಲದೆ ಲಾಭ ಕೊಡುವ ಭಾಗ ಇದೇ. ಗಾಲಿಯ ಸುತ್ತಳತೆಯನ್ನು ದಾರದಿಂದ ಅಳೆಯಿರಿ, 1.25 ಮೀಟರ್ ಬಂದಿತೆಂದು ಹಿಡಿಯೋಣ. ಕೂರಿಗೆಯನ್ನು ಟ್ರ್ಯಾಕ್ಟರಿನಲ್ಲಿ ಎತ್ತಿ, ಕೆಳಗೆ ಕಲ್ಲು ಇಲ್ಲವೆ ದಿಮ್ಮಿಯ ಆಸರೆ ಕೊಟ್ಟು, ಪ್ರತಿ ಕೊಳವೆಯ ಬಾಯಿಗೆ ಒಂದು ಚೀಲ ಕಟ್ಟಿ, ಗಾಲಿಯನ್ನು ಕೈಯಿಂದ 20 ಸುತ್ತು ತಿರುಗಿಸಿ. ಅಷ್ಟಾದರೆ ಕೂರಿಗೆ 25 ಮೀಟರ್ ನಡೆದಂತೆ. 60 ಸೆಂ.ಮೀ. ಅಂತರದ ಮೂರು ಸಾಲಾದರೆ ಅಗಲ 1.8 ಮೀಟರ್, ಅಂದರೆ 45 ಚದರ ಮೀಟರ್ ಬಿತ್ತಿದಂತಾಯಿತು. ಎಕರೆಗೆ 4,047 ಚದರ ಮೀಟರ್, ಹಾಗಾಗಿ ಇದು ಎಕರೆಯ 90ರಲ್ಲಿ ಒಂದು ಪಾಲು. ಎಕರೆಗೆ 6 ಕಿಲೋ ಗೋವಿನಜೋಳ ಬಿತ್ತಬೇಕೆಂದಿದ್ದರೆ ಮೂರೂ ಚೀಲ ಸೇರಿ ಸುಮಾರು 67 ಗ್ರಾಂ, ಒಂದೊಂದರಲ್ಲಿ 22 ಗ್ರಾಂ ಇರಬೇಕು. ತಕ್ಕಡಿ ಇಲ್ಲದಿದ್ದರೆ ಕಾಳನ್ನೇ ಎಣಿಸಿ: 30 ಸೆಂ.ಮೀ.ಗೆ ಒಂದು ಕಾಳಿನಂತೆ 25 ಮೀಟರಿಗೆ 83 ಕಾಳು ಬೇಕು. ಹೊಲದಲ್ಲಿ ಗಾಲಿ ಸ್ವಲ್ಪ ಜಾರುವುದರಿಂದ ಅಂಗಳದಲ್ಲಿ ಐದಾರು ಕಾಳು ಹೆಚ್ಚೇ ಬೀಳಲಿ. ಮೂರು ಚೀಲಗಳ ನಡುವೆ ದೊಡ್ಡ ವ್ಯತ್ಯಾಸ ಬಂದರೆ ಉರುಳೆಯನ್ನೋ ಕೊಳವೆಯನ್ನೋ ಮತ್ತೆ ಬಿಚ್ಚಿ ನೋಡಿ.

ಇನ್ನು ಟ್ರ್ಯಾಕ್ಟರು. ಎರಡು ವರ್ಷ ನಿಂತ ಎಂಜಿನನ್ನು ಬ್ಯಾಟರಿ ಹಾಕಿದ ಕೂಡಲೇ ಚಾಲೂ ಮಾಡಬೇಡಿ. ಟ್ಯಾಂಕಿನ ಹಳೆಯ ಡೀಸೆಲನ್ನು ತಳದಲ್ಲಿ ಸೇರಿದ ನೀರಿನೊಂದಿಗೆ ಇಳಿಸಿ, ಡೀಸೆಲ್ ಫಿಲ್ಟರುಗಳನ್ನೂ ಎಂಜಿನ್ ಎಣ್ಣೆಯನ್ನೂ ಅದರ ಫಿಲ್ಟರನ್ನೂ ಬದಲಿಸಿ. ಏರ್ ಕ್ಲೀನರ್ ಎಣ್ಣೆಯ ಬಟ್ಟಲಿನದಾದರೆ ಅದರ ಕೆಸರನ್ನು ತೆಗೆದು ಹೊಸ ಎಣ್ಣೆ ಹಾಕಿ. ಅದರ ಕೊಳವೆಯಲ್ಲಿ ಇಲಿಗೂಡು ಇಲ್ಲವೆಂಬುದನ್ನು ಕೈ ಹಾಕಿಯೇ ಖಚಿತಪಡಿಸಿಕೊಳ್ಳಿ. ಆಮೇಲೆ ಎಂಜಿನ್ ನಿಲ್ಲಿಸುವ ಗುಂಡಿಯನ್ನು ಎಳೆದೇ ಇಟ್ಟು, ಹತ್ತು ಹದಿನೈದು ಸೆಕೆಂಡಿನಂತೆ ಎರಡು ಮೂರು ಸಲ ಸೆಲ್ಫ್ ಹೊಡೆದರೆ, ಎಂಜಿನ್ ಹತ್ತುವ ಮೊದಲೇ ಒಳಗೆಲ್ಲ ಎಣ್ಣೆ ಹರಿದಿರುತ್ತದೆ. ಕ್ಲಚ್ ತುಳಿದರೂ ಗೇರು ಬೀಳದಿದ್ದರೆ ಗಾಬರಿಯಾಗಬೇಡಿ, ಬಹಳ ದಿನ ನಿಂತ ಗಾಡಿಯಲ್ಲಿ ಕ್ಲಚ್ ಪ್ಲೇಟು ತುಕ್ಕಿನಿಂದ ಅಂಟಿಕೊಂಡಿರುವುದುಂಟು. ರೇಡಿಯೇಟರ್, ಫ್ಯಾನ್ ಬೆಲ್ಟ್, ಬ್ರೇಕುಗಳನ್ನು ನೋಡಿಸಿ. ಡೀಸೆಲ್ ಪಂಪನ್ನು ಮಾತ್ರ ಮನೆಯಲ್ಲಿ ಬಿಚ್ಚಬೇಡಿ.

ಕಲ್ಟಿವೇಟರಿಗೆ ಹೆಚ್ಚಿನ ಖರ್ಚಿಲ್ಲ. ಎರಡು ತುದಿಯ ಕುಳಗಳಾದರೆ ಸವೆದ ತುದಿಯನ್ನು ಮೇಲೆ ಮಾಡಿ ತಿರುಗಿಸಿ ಕಟ್ಟಿ, ಬೋಲ್ಟುಗಳನ್ನು ಬಿಗಿ ಮಾಡಿದರೆ ಈ ವರ್ಷ ಕಳೆಯುತ್ತದೆ. ರೋಟವೇಟರನ್ನು ಮಳೆಯಾಶ್ರಿತ ಹೊಲಕ್ಕೆ ನಾನಂತೂ ಕೊನೆಗೆ ಇಡುತ್ತೇನೆ. ಅದು ಮಣ್ಣನ್ನು ಹಿಟ್ಟು ಮಾಡುತ್ತದೆ, ಮೇಲೆ ಒಂದು ಜೋರು ಮಳೆ ಬಿದ್ದರೆ ಹೆಪ್ಪುಗಟ್ಟಿ ಮೊಳಕೆ ಮೇಲೇಳಲಾರದೆ ಒದ್ದಾಡುತ್ತದೆ. ಬಳಸುವುದೇ ಆದರೆ ಒಂದು ಎಚ್ಚರಿಕೆ: ಕಲ್ಲಿಗೆ ಬಡಿದಾಗ ತಾನೇ ತುಂಡಾಗಿ ಗೇರ್‌ಬಾಕ್ಸನ್ನು ಉಳಿಸುವ ಒಂದು ಮೆದು ಬೋಲ್ಟು ಹಲವು ಯಂತ್ರಗಳಲ್ಲಿರುತ್ತದೆ. ಪದೇ ಪದೇ ಮುರಿಯುತ್ತದೆಂದು ಅದರ ಜಾಗಕ್ಕೆ ಗಟ್ಟಿ ಬೋಲ್ಟನ್ನು ಜಡಿಯುವ ಜಾಣರು ಎಲ್ಲ ಊರಿನಲ್ಲೂ ಇದ್ದಾರೆ. ಹಾಗೆ ಜಡಿದಿದ್ದರೆ ಈಗಲೇ ತೆಗೆಸಿ, ಮೆದುವಾದವನ್ನು ಹತ್ತು ತಂದಿಟ್ಟುಕೊಳ್ಳಿ.

ಔಷಧಿಯ ಪಂಪಿನ ವಿಷಯದಲ್ಲಿ ನಿರ್ಲಕ್ಷ್ಯ ಬೇಡ. ಗೋವಿನಜೋಳದ ಕಳೆಗೆ 2,4-ಡಿ ಹೊಡೆದ ಪಂಪನ್ನು ನಾನು ಒಮ್ಮೆ ನೀರಿನಲ್ಲಿ ಎರಡು ಸಲ ಕಲಕಿ, ಅದರಲ್ಲೇ ಹತ್ತಿಗೆ ಕೀಟನಾಶಕ ಹೊಡೆದೆ. ವಾರದೊಳಗೆ ಹತ್ತಿಯ ಎಲೆಗಳು ಬೆರಳು ಚಾಚಿದಂತೆ ಕಿರಿದಾಗಿ ಸೀಳಿ ಮುರುಟಿದವು. ಆ ಕಳೆನಾಶಕದ ಸೋಂಕಿಗೆ ಹತ್ತಿ ಅಷ್ಟು ಸೂಕ್ಷ್ಮ. ಅಂದಿನಿಂದ ನಮ್ಮ ಮನೆಯಲ್ಲಿ ಕಳೆನಾಶಕಕ್ಕೆ ಬೇರೆಯೇ ಪಂಪಿದೆ, ಅದರ ಮೇಲೆ ಕೆಂಪು ಬಣ್ಣ ಬಳಿದಿದ್ದೇವೆ. ಹಿಂದೆ ಏನು ಹೊಡೆದದ್ದೆಂದು ಗೊತ್ತಿಲ್ಲದ ನಿಮ್ಮ ಪಂಪನ್ನು ಕಳೆಗೇ ಮೀಸಲಿಡಿ, ವಾಷರುಗಳನ್ನೂ ನಳಿಕೆಯ ಮೂತಿಯನ್ನೂ ಬದಲಿಸಿ.

ಬಿತ್ತುವುದೇನು ಎಂಬುದಕ್ಕೆ ಮಣ್ಣನ್ನು ನೋಡದೆ ಪೂರ್ತಿ ಉತ್ತರ ಹೇಳಲಾಗದು. ಎರೆಯಿದ್ದರೆ ಅದರ ಒಂದು ಪಾಲಿಗೆ ರೋಹಿಣಿಯಲ್ಲಿ ಹೆಸರುಕಾಳು ಹಾಕಿ. 65 ರಿಂದ 70 ದಿನಗಳಲ್ಲಿ ಕೈಗೆ ಬರುತ್ತದೆ, ಆಮೇಲೆ ಹಿಂಗಾರಿಗೆ ಬಿಳಿಜೋಳವನ್ನೋ ಕಡಲೆಯನ್ನೋ ಬಿತ್ತಬಹುದು. ಮಸಾರಿಗೆ ಗೋವಿನಜೋಳ ಇಲ್ಲವೆ ಶೇಂಗಾ. ಗೋವಿನಜೋಳದ ಸುಳಿಯನ್ನು ಕೊರೆಯುವ ಸೈನಿಕ ಹುಳು 2018ರಲ್ಲಿ ದೇಶದಲ್ಲೇ ಮೊದಲು ನಮ್ಮ ರಾಜ್ಯದಲ್ಲಿ ಕಾಣಿಸಿಕೊಂಡಿತು, ಈಗ ಪ್ರತಿವರ್ಷವೂ ಬರುತ್ತದೆ. ಹುಟ್ಟಿದ ಹದಿನೈದು ದಿನದಿಂದಲೇ ಸುಳಿ ಬಿಡಿಸಿ ನೋಡುವ ಅಭ್ಯಾಸ ಬೇಕು. ಮೊದಲ ವರ್ಷ ಮೆಣಸಿನಕಾಯಿಗೆ ಕೈ ಹಾಕಬೇಡಿ, ಅದು ಹಣವನ್ನೂ ಆಳುಗಳನ್ನೂ ಬಹಳ ಬೇಡುತ್ತದೆ.

ರೈತ ಸಂಪರ್ಕ ಕೇಂದ್ರದಲ್ಲಿ ರಿಯಾಯಿತಿ ಬೀಜ ಪಡೆಯಲು ಫ್ರೂಟ್ಸ್ (ರಾಜ್ಯ ಸರ್ಕಾರದ ರೈತ ನೋಂದಣಿ) ಗುರುತಿನ ಸಂಖ್ಯೆ ಬೇಕು. ಪಹಣಿ ತಂದೆಯವರ ಹೆಸರಿನಲ್ಲಿದ್ದರೆ ಅವರ ಸಂಖ್ಯೆಯಲ್ಲಿ ಎಲ್ಲ ಸರ್ವೆ ನಂಬರುಗಳು ಸೇರಿವೆಯೇ ಎಂಬುದನ್ನು ಏಪ್ರಿಲ್‌ನಲ್ಲೇ ನೋಡಿಸಿ. ಮನೆಯ ಬೀಜವನ್ನೇ ಬಿತ್ತುವುದಾದರೆ 100 ಕಾಳನ್ನು ಒದ್ದೆ ಗೋಣಿಯಲ್ಲಿ ಸುತ್ತಿಟ್ಟು ಮೊಳಕೆ ಎಣಿಸಿ. ಪ್ರಮಾಣಿತ ಬೀಜಕ್ಕೆ ಶೇಂಗಾದಲ್ಲಿ ಕನಿಷ್ಠ 70, ಹೆಸರುಕಾಳಿನಲ್ಲಿ 75 ಮೊಳೆಯಬೇಕೆಂಬ ನಿಯಮವಿದೆ, ಅದನ್ನೇ ಅಳತೆಗೋಲಾಗಿ ಇಟ್ಟುಕೊಳ್ಳಬಹುದು.

ಬಿತ್ತುವ ದಿನ ಕೂರಿಗೆಗೆ ಪೂಜೆ ಮಾಡಿ, ಟ್ರ್ಯಾಕ್ಟರ್ ನಡೆಸುವವರಿಗೆ ಇಪ್ಪತ್ತು ಹೆಜ್ಜೆ ಹೋಗಿ ನಿಲ್ಲಿಸಲು ಹೇಳಿ. ಪ್ರತಿ ಸಾಲಿನ ಮಣ್ಣನ್ನು ಬೆರಳಿನಿಂದ ಕೆದರಿದರೆ ಗೋವಿನಜೋಳದ ಕಾಳು ನಾಲ್ಕೈದು ಸೆಂ.ಮೀ. ಆಳದಲ್ಲಿ, ಹಸಿ ಮಣ್ಣಿನಲ್ಲಿ, ಗೊಬ್ಬರಕ್ಕೆ ತಾಗದೆ ಬಿದ್ದಿರಬೇಕು. ಒಂದು ಸಾಲಿನಲ್ಲಿ ಕಾಳು ಸಿಗದಿದ್ದರೆ ಕೊಳವೆಯ ಬಾಯಿಗೆ ಮಣ್ಣು ಮೆತ್ತಿರುತ್ತದೆ; ಅದನ್ನು ಚುಚ್ಚಿ ತೆಗೆಯಲು ಒಂದು ಕಡ್ಡಿಯನ್ನು ಕೂರಿಗೆಗೇ ಕಟ್ಟಿಟ್ಟಿರಿ.