ಪ್ರಧಾನಿಗೂ ‘ಎರಡೇ ಸಲ’ ಎಂಬ ಮಿತಿ ಬೇಕೇ?

ಪ್ರಶ್ನೆ: ಅಮೆರಿಕದಲ್ಲಿ ಒಬ್ಬರು ಎರಡು ಸಲಕ್ಕಿಂತ ಜಾಸ್ತಿ ಅಧ್ಯಕ್ಷರಾಗುವಂತಿಲ್ಲ. ನಮ್ಮ ಪ್ರಧಾನಿಗೆ ಯಾಕೆ ಅಂಥ ಮಿತಿ ಇಲ್ಲ? ಕಾಲೇಜಿಗೆ ಹೋಗುವ ನನ್ನ ಮಗಳು ‘ಇರಲೇಬೇಕು’ ಅನ್ನುತ್ತಾಳೆ. ‘ಜನ ಬೇಕು ಅಂದವರನ್ನು ಬೇಡ ಅನ್ನೋಕೆ ಕಾನೂನು ಯಾರು’ ಅಂತ ನನ್ನ ವಾದ. ಯಾರು ಸರಿ?
— ಓದುಗರು, ತಿಪಟೂರು

ಉತ್ತರ: ಅಮೆರಿಕದ ಮಟ್ಟಿಗೆ ನಿಮ್ಮ ಮಗಳೇ ಸರಿ. ಅಲ್ಲಿನ ಸಂವಿಧಾನದಲ್ಲೂ ಮೊದಲು ಈ ಮಿತಿ ಇರಲಿಲ್ಲ. ಜಾರ್ಜ್ ವಾಷಿಂಗ್ಟನ್ ಎರಡು ಅವಧಿ ಮುಗಿಸಿ 1797ರಲ್ಲಿ ತಾವಾಗಿಯೇ ಊರಿಗೆ ಹೋದರು. ಮುಂದೆ ಅದೇ ವಾಡಿಕೆಯಾಯಿತು. ಅದನ್ನು ಮುರಿದವರು ಫ್ರಾಂಕ್ಲಿನ್ ರೂಸ್ವೆಲ್ಟ್. 1932ರಿಂದ 1944ರವರೆಗೆ ನಾಲ್ಕು ಸಲ ಗೆದ್ದು, ಅಧಿಕಾರದಲ್ಲಿದ್ದಾಗಲೇ ತೀರಿಕೊಂಡರು. ಆಮೇಲೆ, 1951ರಲ್ಲಿ, 22ನೇ ತಿದ್ದುಪಡಿ ಬಂತು.

ಅಲ್ಲಿ ಅದು ಯಾಕೆ ಬೇಕು ಅಂದರೆ, ಅಧ್ಯಕ್ಷರನ್ನು ನಡುವೆ ಮನೆಗೆ ಕಳಿಸುವುದು ತೀರಾ ಕಷ್ಟ. ‘ನಿಮ್ಮ ಮೇಲೆ ನಮಗೆ ನಂಬಿಕೆ ಇಲ್ಲ, ಇಳಿಯಿರಿ’ ಅಂತ ಅಲ್ಲಿನ ಸಂಸತ್ತು ಹೇಳುವಂತಿಲ್ಲ. ತಪ್ಪು ಮಾಡಿದ ಅಧ್ಯಕ್ಷರನ್ನು ವಿಚಾರಣೆ ಮಾಡಿ ಇಳಿಸುವ ಮಹಾಭಿಯೋಗ ಇದೆ, ನಿಜ. ಆದರೆ ಸಂಸತ್ತಿನ ಮೇಲ್ಮನೆಯಾದ ಸೆನೆಟ್‌ನ ಮೂರನೇ ಎರಡರಷ್ಟು ಮತ ಬೇಕು. ಆ ದಾರಿಯಲ್ಲಿ ಇವತ್ತಿನವರೆಗೆ ಒಬ್ಬ ಅಧ್ಯಕ್ಷರೂ ಕುರ್ಚಿ ಬಿಟ್ಟಿಲ್ಲ. ನಡುವೆ ಇಳಿಸಲಾಗದವರಿಗೆ ಕೊನೆಯ ದಿನವನ್ನಾದರೂ ಮೊದಲೇ ಬರೆದಿಡಬೇಕು, ಅಲ್ವಾ?

‘ಬೇಡವಾದರೆ ಜನರೇ ಸೋಲಿಸುತ್ತಾರೆ’ ಅಂತ ನೀವು ಹೇಳಬಹುದು. ಶ್ರೀಲಂಕಾದಲ್ಲಿ ಹಾಗೇ ಆಯಿತು. 2010ರಲ್ಲಿ ಅಧ್ಯಕ್ಷ ಮಹಿಂದ ರಾಜಪಕ್ಸ ಅವರ ಕಾಲದಲ್ಲಿ ಎರಡು ಅವಧಿಯ ಮಿತಿ ತೆಗೆದರು. 2015ರ ಜನವರಿಯಲ್ಲಿ ಅವರು ಮೂರನೇ ಸಲ ನಿಂತರು, ಸೋತರು. ಅದೇ ವರ್ಷ ಮಿತಿ ವಾಪಸ್ ಬಂತು. ಆದರೆ ಎಲ್ಲ ಕಡೆ ಹೀಗೆ ಆಗುವುದಿಲ್ಲ. ಉಗಾಂಡಾದಲ್ಲಿ ಯೊವೆರಿ ಮುಸೆವೆನಿ ಅಧಿಕಾರಕ್ಕೆ ಬಂದದ್ದು 1986ರಲ್ಲಿ. 2005ರಲ್ಲಿ ಅವಧಿಯ ಮಿತಿ ಹೋಯಿತು, 2017ರಲ್ಲಿ 75 ವರ್ಷದ ವಯಸ್ಸಿನ ಮಿತಿಯೂ ಹೋಯಿತು. ಅಲ್ಲೂ ಚುನಾವಣೆ ನಡೆಯುತ್ತಲೇ ಇದೆ. ಪೊಲೀಸರು, ಖಜಾನೆ, ಸೇನೆ ಎಲ್ಲ ಒಬ್ಬರ ಕೈಯಲ್ಲಿ ದಶಕಗಟ್ಟಲೆ ಇದ್ದಾಗ ಎದುರಾಳಿ ಸರಿಸಮನಾಗಿ ನಿಲ್ಲುವುದಾದರೂ ಹೇಗೆ?

ಈಗ ನಮ್ಮ ವಿಷಯ. ನಮ್ಮಲ್ಲಿ ಮಿತಿ ಇಲ್ಲದಿರುವುದು ಮರೆವಿನಿಂದ ಆದದ್ದಲ್ಲ. 1948ರ ನವೆಂಬರ್ 4ರಂದು ಸಂವಿಧಾನ ಸಭೆಯಲ್ಲಿ ಅಂಬೇಡ್ಕರ್ ಎರಡು ಪದ್ಧತಿಗಳನ್ನು ಪಕ್ಕಪಕ್ಕ ಇಟ್ಟು ತೂಗಿದರು. ಅಮೆರಿಕದ್ದರಲ್ಲಿ ಸ್ಥಿರತೆ ಜಾಸ್ತಿ. ಸಂಸದೀಯ ಪದ್ಧತಿಯಲ್ಲಿ ಹೊಣೆಗಾರಿಕೆ ಜಾಸ್ತಿ, ಏಕೆಂದರೆ ಇಲ್ಲಿ ಸರ್ಕಾರ ಎರಡು ಸಲ ಲೆಕ್ಕ ಕೊಡಬೇಕು. ಐದು ವರ್ಷಕ್ಕೊಮ್ಮೆ ಮತದಾರರಿಗೆ, ಪ್ರತಿದಿನ ಸದನಕ್ಕೆ. ಪ್ರಶ್ನೆ, ಚರ್ಚೆ, ಅವಿಶ್ವಾಸ ನಿರ್ಣಯ ಎಲ್ಲ ಈ ದಿನದಿನದ ಲೆಕ್ಕವೇ. ಕರಡು ಸಂವಿಧಾನ ಹೊಣೆಗಾರಿಕೆಯ ಕಡೆ ವಾಲಿತು.

ಇದು ಬರೀ ಕಾಗದದ ಮಾತಾಗಿ ಉಳಿಯಲಿಲ್ಲ. 1999ರ ಏಪ್ರಿಲ್ 17ರಂದು ವಾಜಪೇಯಿ ಸರ್ಕಾರ 269–270ರಲ್ಲಿ, ಒಂದೇ ಮತದಿಂದ ಬಿತ್ತು. ಬ್ರಿಟನ್‌ನಲ್ಲಿ ಮಾರ್ಗರೆಟ್ ಥ್ಯಾಚರ್ ಸತತ ಮೂರು ಚುನಾವಣೆ ಗೆದ್ದಿದ್ದರು. 1990ರಲ್ಲಿ ಸ್ವಂತ ಪಕ್ಷದ ಸಂಸದರ ಬೆಂಬಲವೇ ಕರಗಿ ಅವರು ಹೊರಡಬೇಕಾಯಿತು.

ಹಾಗಾಗಿ ಪ್ರಧಾನಿಗೆ ‘ಎರಡೇ ಸಲ’ ಅನ್ನುವುದನ್ನು ನಾನು ಒಪ್ಪುವುದಿಲ್ಲ. ಇನ್ನೊಂದು ಭಯವೂ ಇದೆ. 2002ರಲ್ಲಿ ಪಾಕಿಸ್ತಾನದ ಸೇನಾಡಳಿತಗಾರ ಮುಷರಫ್, ಎರಡು ಸಲ ಪ್ರಧಾನಿಯಾದವರು ಮತ್ತೆ ಆಗುವಂತಿಲ್ಲ ಎಂದು ಆದೇಶ ತಂದರು. ಬೆನಜೀರ್ ಭುಟ್ಟೊ ಮತ್ತು ನವಾಜ್ ಷರೀಫ್ ಇಬ್ಬರೂ ಅಷ್ಟೊತ್ತಿಗೆ ಎರಡೆರಡು ಸಲ ಆಗಿದ್ದರು! ಆದೇಶದಲ್ಲಿ ಹೆಸರಿರಲಿಲ್ಲ, ಆದರೆ ಅಳತೆ ತೆಗೆದುಕೊಂಡೇ ಹೊಲಿದಿದ್ದರು. 2010ರಲ್ಲಿ ಆ ನಿಯಮ ರದ್ದಾಯಿತು. 2013ರಲ್ಲಿ ನವಾಜ್ ಮೂರನೇ ಸಲ ಪ್ರಧಾನಿಯಾದರು.

ಹಾಗಂತ ನಿಮ್ಮ ವಾದವನ್ನೂ ನಾನು ಪೂರ್ತಿ ಒಪ್ಪಲಾರೆ. ದಿನದಿನದ ಲೆಕ್ಕ ನಡೆಯುತ್ತಿದ್ದರೆ ಮಾತ್ರ ಮಿತಿ ಇಲ್ಲದೆ ಬದುಕಬಹುದು. ನನ್ನ ಚಿಂತೆ ಇರುವುದು ಇಲ್ಲಿ. 1952ರ ಮೊದಲ ಲೋಕಸಭೆ ತನ್ನ ಅವಧಿಯಲ್ಲಿ 677 ದಿನ ಕೂತಿತ್ತು. 2019ರ ಹದಿನೇಳನೇ ಲೋಕಸಭೆ ಕೂತದ್ದು 274 ದಿನ. ಜೊತೆಗೆ 1985ರ ಪಕ್ಷಾಂತರ ನಿಷೇಧ ಕಾನೂನು. ಪಕ್ಷದ ವಿಪ್, ಅಂದರೆ ‘ಹೀಗೇ ಮತ ಹಾಕಿ’ ಎಂಬ ಆದೇಶ, ಮೀರಿ ಮತ ಹಾಕಿದರೆ ಸಂಸದರ ಸ್ಥಾನವೇ ಹೋಗಬಹುದು. ಸರ್ಕಾರದ ಮಸೂದೆಯಲ್ಲಿ ತಪ್ಪಿದೆ ಅಂತ ಆಳುವ ಪಕ್ಷದ ಸಂಸದರಿಗೇ ಅನ್ನಿಸಿದರೂ ಸುಮ್ನೆ ಕೈ ಎತ್ತಬೇಕು. ವಿಶ್ವಾಸಮತದಂಥ ಕೆಲವೇ ಸಂದರ್ಭಗಳಿಗೆ ಈ ಶಿಕ್ಷೆ ಇರಲಿ ಎಂದು ಚುನಾವಣಾ ಸುಧಾರಣೆಗೆ ನೇಮಿಸಿದ್ದ ದಿನೇಶ್ ಗೋಸ್ವಾಮಿ ಸಮಿತಿ 1990ರಲ್ಲೇ ಹೇಳಿತ್ತು. ಇನ್ನೂ ಜಾರಿಯಾಗಿಲ್ಲ. ಇದನ್ನು ಬಿಟ್ಟು ‘ಎರಡೇ ಸಲ’ ಎಂಬ ಮಿತಿ ತಂದರೆ ಹಿತ್ತಿಲ ಬಾಗಿಲು ತೆರೆದಿಟ್ಟು ಮುಂಬಾಗಿಲಿಗೆ ಬೀಗ ಹಾಕಿದಂತೆ. ಮಗಳ ಜೊತೆ ವಾದ ಮುಂದುವರಿಸಿ, ಆದರೆ ಈ ಸಮಿತಿಯ ಮಾತೂ ಅದರಲ್ಲಿ ಬರಲಿ.

ಪ್ರಶ್ನೆ: ನನ್ನ ತಮ್ಮ ಟೆಕ್ಸಸ್‌ನಲ್ಲಿದ್ದಾನೆ. ನಡುವೆ ಒಂದು ಅವಧಿ ಬಿಟ್ಟು ಬಂದ ಅಧ್ಯಕ್ಷರಿಗೆ ಎಣಿಕೆ ಮತ್ತೆ ಒಂದರಿಂದ ಶುರು ಅನ್ನುತ್ತಾನೆ. ನಿಜವೇ?
— ಓದುಗರು, ಧಾರವಾಡ

ಉತ್ತರ: ಇಲ್ಲ. ಎರಡಕ್ಕಿಂತ ಹೆಚ್ಚು ಸಲ ಆಯ್ಕೆಯಾಗುವಂತಿಲ್ಲ ಎಂದಷ್ಟೇ 22ನೇ ತಿದ್ದುಪಡಿ ಹೇಳುತ್ತದೆ. ‘ಸತತವಾಗಿ’ ಎಂಬ ಮಾತೇ ಅದರಲ್ಲಿಲ್ಲ. 2016 ಮತ್ತು 2024ರಲ್ಲಿ ಗೆದ್ದ ಟ್ರಂಪ್ ಅವರಿಗೂ ಇದೇ ಲೆಕ್ಕ. ನಿಮ್ಮ ತಮ್ಮ ಹೇಳುವಂಥ ನಿಯಮ ರಷ್ಯಾದಲ್ಲಿತ್ತು. ಅಲ್ಲಿ ‘ಸತತ ಎರಡು ಅವಧಿ’ ಎಂದು ಬರೆದಿದ್ದರು. ಹಾಗಾಗಿ 2008ರಿಂದ ಪುಟಿನ್ ನಾಲ್ಕು ವರ್ಷ ಪ್ರಧಾನಿಯಾಗಿದ್ದು, 2012ರಲ್ಲಿ ಮತ್ತೆ ಅಧ್ಯಕ್ಷರಾದರು. 2020ರ ತಿದ್ದುಪಡಿ ‘ಸತತ’ ಎಂಬ ಪದವನ್ನು ತೆಗೆಯಿತು, ಅವರ ಹಳೆಯ ಅವಧಿಗಳನ್ನೂ ಲೆಕ್ಕದಿಂದ ಬಿಟ್ಟಿತು. ಅಮೆರಿಕದಲ್ಲಿ ಹಾಗೆ ಮಾಡಬೇಕಾದರೆ ಸಂಸತ್ತಿನ ಎರಡೂ ಸದನಗಳಲ್ಲಿ ಮೂರನೇ ಎರಡರಷ್ಟು ಮತ ಬೇಕು. ಅದರ ಮೇಲೆ 50 ರಾಜ್ಯಗಳಲ್ಲಿ 38 ಒಪ್ಪಬೇಕು.