ಅಮೆರಿಕದ ತೀರ್ಪಿಗೂ ಗುಬ್ಬಿಯ 2ಎ ಸೀಟಿಗೂ ಏನು ಸಂಬಂಧ?

ಪ್ರಶ್ನೆ: ಮಗಳು ಮುಂದಿನ ವರ್ಷ ಸಿಇಟಿ ಬರೆಯುತ್ತಾಳೆ. ನಾವು ಹಿಂದುಳಿದ ವರ್ಗಗಳ 2ಎ ಪ್ರವರ್ಗದವರು. ‘ಅಮೆರಿಕದಲ್ಲಿ ಕೋರ್ಟೇ ಮೀಸಲಾತಿ ಕಿತ್ತುಹಾಕಿತು, ಇಲ್ಲೂ ಇವತ್ತಲ್ಲ ನಾಳೆ ಅದೇ ಗತಿ’ ಅಂತ ಅಲ್ಲಿರುವ ನಮ್ಮ ಭಾವ ಹೆದರಿಸುತ್ತಿದ್ದಾರೆ. ನಿಜವೇ? ಒಳ್ಳೆ ರ‍್ಯಾಂಕ್ ಬರುವ ಹಾಗಿದ್ದರೆ 2ಎ ಹಾಕದೆ ಜಿಎಂನಲ್ಲೇ (ಸಾಮಾನ್ಯ ವರ್ಗ) ಹೋಗಬೇಕಾ?
– ಓದುಗರೊಬ್ಬರು, ಗುಬ್ಬಿ, ತುಮಕೂರು ಜಿಲ್ಲೆ

ಉತ್ತರ: ಭಾವ ಹೇಳಿದ್ದು ಅರ್ಧ ನಿಜ. 2023ರ ಜೂನ್ 29ರಂದು ಅಮೆರಿಕದ ಸುಪ್ರೀಂ ಕೋರ್ಟ್ ಹಾರ್ವರ್ಡ್ ಮತ್ತು ನಾರ್ತ್ ಕೆರೊಲಿನಾ ವಿಶ್ವವಿದ್ಯಾಲಯಗಳ ಪ್ರವೇಶ ಪದ್ಧತಿ ಸಂವಿಧಾನಕ್ಕೆ ವಿರುದ್ಧ ಎಂದಿತು. ಆದರೆ ಅಷ್ಟೊತ್ತಿಗೆ ಅಲ್ಲಿ ನಮ್ಮ ಥರದ ಸೀಟು ಮೀಸಲಾತಿ ಉಳಿದೇ ಇರಲಿಲ್ಲ. ಕ್ಯಾಲಿಫೋರ್ನಿಯಾದ ಡೇವಿಸ್ ಮೆಡಿಕಲ್ ಕಾಲೇಜು ಅಲ್ಪಸಂಖ್ಯಾತ ಜನಾಂಗದವರಿಗೆ 100ರಲ್ಲಿ 16 ಸೀಟು ಎತ್ತಿಟ್ಟಿದ್ದಕ್ಕೆ ಬಕ್ಕೀ ಎಂಬ ಬಿಳಿಯ ಅಭ್ಯರ್ಥಿ ಕೇಸು ಹಾಕಿ ಗೆದ್ದ. ಅದು 1978. ಆಮೇಲೆ ಉಳಿದದ್ದು ಅರ್ಜಿ ನೋಡುವಾಗ ಜನಾಂಗಕ್ಕೂ ಒಂದಿಷ್ಟು ತೂಕ ಕೊಡುವುದು ಮಾತ್ರ. 2023ರಲ್ಲಿ ಹೋಗಿದ್ದು ಅದು. ಜನಾಂಗದ ಕಾರಣಕ್ಕೆ ತಾನು ಪಟ್ಟ ಪಾಡನ್ನು ಅರ್ಜಿಯ ಪ್ರಬಂಧದಲ್ಲಿ ಬರೆಯಲು ಈಗಲೂ ಅಡ್ಡಿಯಿಲ್ಲ.

ನಮ್ಮಲ್ಲೂ ಅಂಥದ್ದೊಂದು ತೀರ್ಪು ಬಂದಿತ್ತು, ಅದೂ 1951ರಲ್ಲೇ. ಮದ್ರಾಸಿನ ಚಂಪಕಂ ದೊರೈರಾಜನ್ ಕೇಸಿನಲ್ಲಿ, ಜಾತಿವಾರು ಸೀಟು ಹಂಚುವುದು ಕೂಡದು ಎಂದಿತು ಸುಪ್ರೀಂ ಕೋರ್ಟ್. ಅದೇ ವರ್ಷ ಸಂಸತ್ತು, ಹಿಂದುಳಿದ ವರ್ಗ, ಎಸ್‌ಸಿ, ಎಸ್‌ಟಿಗಳಿಗೆ ವಿಶೇಷ ಅವಕಾಶ ಕೊಡಬಹುದು ಎನ್ನುವ 15(4)ನೇ ವಿಧಿಯನ್ನು ಸಂವಿಧಾನಕ್ಕೆ ಸೇರಿಸಿತು. ಇಂಥ ಆಸರೆ ಅಮೆರಿಕದ ಸಂವಿಧಾನದಲ್ಲಿ ಇಲ್ಲ.

ಹಾಗಾಗಿ ಇಲ್ಲಿನ ಜಗ್ಗಾಟವೆಲ್ಲ ಎಷ್ಟು ಕೊಡಬೇಕು ಅನ್ನುವುದರ ಮೇಲೆ. ಅದು ಶುರುವಾಗಿದ್ದೂ ನಮ್ಮ ರಾಜ್ಯದಿಂದಲೇ! 1962ರಲ್ಲಿ ಮೈಸೂರು ಸರ್ಕಾರ ಮೆಡಿಕಲ್, ಎಂಜಿನಿಯರಿಂಗ್ ಸೀಟುಗಳಲ್ಲಿ ಹಿಂದುಳಿದವರಿಗೆ 28, ಹೆಚ್ಚು ಹಿಂದುಳಿದವರಿಗೆ 22, ಎಸ್‌ಸಿಗೆ 15, ಎಸ್‌ಟಿಗೆ 3, ಒಟ್ಟು ಶೇ 68 ಮೀಸಲಿಟ್ಟಿತು. ಬಾಲಾಜಿ ಕೇಸಿನಲ್ಲಿ ಕೋರ್ಟ್ ಆ ಆದೇಶ ರದ್ದು ಮಾಡಿ, ಸಾಮಾನ್ಯವಾಗಿ ಅರ್ಧಕ್ಕಿಂತ ಕಡಿಮೆ ಇರಲಿ ಎಂದಿತು. ಆ ಗೆರೆಯನ್ನು ಗಟ್ಟಿ ಮಾಡಿದ್ದು 1992ರ ಇಂದ್ರಾ ಸಾಹ್ನಿ ತೀರ್ಪು. 2022ರಲ್ಲಿ ಎಸ್‌ಸಿ 17, ಎಸ್‌ಟಿ 7ಕ್ಕೆ ಏರಿದ ಮೇಲೆ ನಮ್ಮ ಲೆಕ್ಕ ಶೇ 56 ಆಗಿ ಆ ಗೆರೆ ದಾಟಿತು. ಭಾವನವರಿಗೆ ಚಿಂತೆ ಮಾಡಲೇಬೇಕು ಅಂತಿದ್ದರೆ ಇದರ ಬಗ್ಗೆ ಮಾಡಲಿ, ಹಾರ್ವರ್ಡ್ ಬಗ್ಗೆ ಸುಮ್ನೆ ಯಾಕೆ?

ಇನ್ನು ಮಗಳ ಅರ್ಜಿ. 2ಎ ಖಂಡಿತ ಹಾಕಿ. ರ‍್ಯಾಂಕಿನ ಬಲದ ಮೇಲೇ ಸೀಟು ಬಂದರೆ ಅದು ಜಿಎಂ ಲೆಕ್ಕಕ್ಕೆ ಹೋಗುತ್ತದೆ, 2ಎ ಸೀಟು ಇನ್ನೊಬ್ಬರಿಗೆ ಉಳಿಯುತ್ತದೆ. ಮಧ್ಯಪ್ರದೇಶದ ಎಂಬಿಬಿಎಸ್ ಕೇಸಿನಲ್ಲಿ ಸುಪ್ರೀಂ ಕೋರ್ಟ್ 2024ರಲ್ಲಿ ಇದೇ ತತ್ವವನ್ನು ಮತ್ತೆ ಎತ್ತಿಹಿಡಿದಿದೆ. ನಾಡಕಚೇರಿಯಿಂದ ಜಾತಿ-ಆದಾಯ ಪತ್ರ ಈಗಲೇ ಮಾಡಿಸಿಟ್ಟುಕೊಳ್ಳಿ. ಅರ್ಜಿಯಲ್ಲಿ ಅದರ ಮೇಲಿರುವ ಆರ್‌ಡಿ ನಂಬರ್ ಕೇಳುತ್ತಾರೆ. ಒಂದರಿಂದ ಹತ್ತರವರೆಗೆ ಹಳ್ಳಿ ಶಾಲೆಯಲ್ಲೇ ಓದಿದ್ದರೆ ಗ್ರಾಮೀಣ ಕೋಟಾದ ಪತ್ರವೂ ಜೊತೆಗಿರಲಿ.